ಕಾಟ್ಲಾ ಹಿಡಿದ ಕೈ, ಸಾಲ್ಮನ್ ಹಿಡಿಯುವ ದೋಣಿ

ಪ್ರಶ್ನೆ: ನಮಸ್ಕಾರ ಸರ್. ನಾನು ಗಂಗಾವತಿಯವನು, ನಿವೃತ್ತ ಶಾಲಾ ಮಾಸ್ತರ. ಮೂವತ್ತು ವರ್ಷದಿಂದ ತುಂಗಭದ್ರಾ ಹಿನ್ನೀರಿನಲ್ಲಿ ಗಾಳ ಹಾಕುತ್ತಿದ್ದೇನೆ. ಕಾಟ್ಲಾ, ರೋಹು, ಒಮ್ಮೊಮ್ಮೆ ಬಾಳೆ ಮೀನು ಸಿಕ್ಕಿವೆ. ಮಗ ಕೆನಡಾದ ವ್ಯಾಂಕೂವರ್ ಹತ್ತಿರ ಇದ್ದಾನೆ. ಆಗಸ್ಟ್ ಕೊನೆಗೆ ಅವನ ಮನೆಗೆ ಹೋಗುತ್ತಿದ್ದೇವೆ. ‘ಸಮುದ್ರದಲ್ಲಿ ಸಾಲ್ಮನ್ ಹಿಡಿಯೋಣ ಬಾ ಅಪ್ಪಾ’ ಅಂತ ಅವನೂ ಅವನ ಗೆಳೆಯನೂ ಸೇರಿ ಸೆಕೆಂಡ್ ಹ್ಯಾಂಡ್ ದೋಣಿ ನೋಡುತ್ತಿದ್ದಾರೆ. ಒಂದು 16 ಅಡಿಯ ಅಲ್ಯೂಮಿನಿಯಂ ದೋಣಿ, ಇನ್ನೊಂದು 20 ಅಡಿಯ ಫೈಬರ್. ಫೈಬರಿನದು ‘ಎಂಜಿನ್ ಚೆನ್ನಾಗಿದೆ, ಹೊಸ ಪೇಂಟ್ ಆಗಿದೆ’ ಅಂತ ಜಾಹೀರಾತು. ಯಾವುದು ತಗೊಳ್ಳಬೇಕು? ಇಲ್ಲಿಯ ನನ್ನ ಅನುಭವ ಅಲ್ಲಿ ಕೆಲಸಕ್ಕೆ ಬರುತ್ತಾ? ಸಾಲ್ಮನ್ ಮರಿ ತಂದು ನಮ್ಮ ಡ್ಯಾಮಿಗೆ ಬಿಟ್ಟರೆ ಬೆಳೆಯುತ್ತಾ ಅಂತಾನೂ ಒಂದು ಕುತೂಹಲ.

ಉತ್ತರ: ಮಾಸ್ತರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿ ಮುಗಿಸುತ್ತೇನೆ. ಬೆಳೆಯುವುದಿಲ್ಲ. ಸಾಲ್ಮನ್ ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರು ಕಟ್ಟಿದ ಹಾಗೆ. ನಮ್ಮ ಏಪ್ರಿಲ್ ತಿಂಗಳ ಹಿನ್ನೀರಿಗೆ ಬಿಟ್ಟರೆ ಅದು ಈಜುವುದಿಲ್ಲ, ಬೇಯುತ್ತದೆ. ಇನ್ನೊಂದು ಮಾತು. ಮಂಗಳೂರು, ಗೋವಾ ಕಡೆ ‘ಇಂಡಿಯನ್ ಸಾಲ್ಮನ್’ ಅಂತ ಮಾರುವ ರಾವಸ ಮೀನಿಗೂ ಸಾಲ್ಮನ್‌ಗೂ ಸಂಬಂಧವೇ ಇಲ್ಲ. ಹೆಸರೊಂದೇ.

ಇನ್ನು ನಿಮ್ಮ ಅನುಭವದ ವಿಷಯ. ಅರ್ಧ ಕೆಲಸಕ್ಕೆ ಬರುತ್ತದೆ, ಅರ್ಧ ಅಡ್ಡ ಬರುತ್ತದೆ. ಇದನ್ನು ನನ್ನ ಕೈ ಸುಟ್ಟುಕೊಂಡೇ ಹೇಳುತ್ತಿದ್ದೇನೆ. ನಾನೂ ಮುನಿರಾಬಾದ್ ಕಡೆಯವನು. ಅಪ್ಪನ ಹರಿಗೋಲಿನಲ್ಲಿ ಕೂತು ಗಾಳ ಹಾಕುವುದು ಕಲಿತವನು. ಆಮೇಲೆ ವ್ಯಾಂಕೂವರ್ ಪಕ್ಕ ಒಂದು ದೋಣಿ ರಿಪೇರಿ ಯಾರ್ಡಿನಲ್ಲಿ ಹನ್ನೊಂದು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದೆ. ಹಾಗಾಗಿ ಎರಡೂ ನೀರಿನ ರುಚಿ ಗೊತ್ತು.

ಕೆಲಸಕ್ಕೆ ಬರುವ ಅರ್ಧ ಯಾವುದು ಅಂದರೆ, ನೀರು ಓದುವುದು. ಹೊಸ ನೀರು ಬಂದಾಗ ನಮ್ಮ ಕಾಟ್ಲಾ, ರೋಹು ಮೊಟ್ಟೆ ಇಡಲು ಹೊಳೆಗೆ ಎದುರಾಗಿ ಏರುತ್ತವೆ ಅಲ್ವಾ? ಸಾಲ್ಮನ್ ಮಾಡುವುದೂ ಅದನ್ನೇ, ಆದರೆ ಸಮುದ್ರದಿಂದ ಹೊರಟು. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ. ಪೆಸಿಫಿಕ್ ಕಡೆಯ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಸಿಹಿನೀರಿಗೆ ಬಂದ ಮೇಲೆ ತಿನ್ನುವುದನ್ನೂ ಬಿಡುತ್ತದೆ. ಅದಕ್ಕೇ ಹೊಳೆ ಬಾಯಿಗೆ ಬರುವ ಮುಂಚೆ, ಸಮುದ್ರದಲ್ಲಿ ಇನ್ನೂ ಹಸಿವು ಇರುವಾಗಲೇ ಹಿಡಿಯುವುದು ಚೆಂದ. ಮಾಂಸದ ರುಚಿಯೂ ಆಗಲೇ ಜಾಸ್ತಿ.

ಆನೆಗುಂದಿ ಹತ್ತಿರ ದೊಡ್ಡ ಬಂಡೆಯ ಹಿಂದೆ ನೀರು ಸುತ್ತುವ ಜಾಗ ಇರುತ್ತದಲ್ಲ, ಅಲ್ಲಿ ಗಾಳ ಹಾಕಿ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಮುದ್ರದಲ್ಲೂ ಅದೇ. ಭೂಮಿಯ ಮೂತಿ ನೀರಿಗೆ ಚಾಚಿದ ಕಡೆ, ಉಬ್ಬರ ಇಳಿತದ ಸೆಳೆತ ಅದನ್ನು ಸುತ್ತಿ ಹೋಗುವಾಗ, ಹಿಂದೆ ಒಂದು ಸುಳಿ ಕಟ್ಟುತ್ತದೆ. ಹೆರಿಂಗ್, ಆಂಚೋವಿ ಅನ್ನುವ ಸಣ್ಣ ಮೀನು ಅಲ್ಲಿ ಗುಂಪುಗೂಡುತ್ತವೆ. ಸಾಲ್ಮನ್ ಅದರ ಬೆನ್ನ ಹಿಂದೆ. ಒಂದೇ ವ್ಯತ್ಯಾಸ ಏನೆಂದರೆ, ನಮ್ಮ ಸುಳಿ ತಿಂಗಳುಗಟ್ಟಲೆ ಒಂದೇ ಕಡೆ ಇರುತ್ತದೆ. ಅಲ್ಲಿಯದು ಆರು ತಾಸಿಗೊಮ್ಮೆ ಬಂಡೆಯ ಈ ಬದಿಯಿಂದ ಆ ಬದಿಗೆ ಹೋಗುತ್ತದೆ. ವ್ಯಾಂಕೂವರ್ ಕಡೆ ಕೆಲವು ದಿನ ನೀರು ಹನ್ನೆರಡು ಅಡಿಗೂ ಮೀರಿ ಏರಿ ಇಳಿಯುತ್ತದೆ. ಈ ಏರಿಳಿತದ ನಡುವೆ ನೀರು ಸ್ವಲ್ಪ ಹೊತ್ತು ಸುಮ್ನೆ ನಿಂತಂತೆ ಆಗುತ್ತದೆ. ಅದರ ಹಿಂದೆ ಮುಂದೆ ಒಂದು ತಾಸು ಮೀನು ಕಚ್ಚುವ ಹೊತ್ತು. ಆ ಹೊತ್ತು ಬೆಳಗಿನ ಜಾವಕ್ಕೆ ಕೂಡಿ ಬಂದರೆ ನಿದ್ದೆ ಬಿಟ್ಟು ಹೋಗಲೇಬೇಕು. ಉಬ್ಬರ ಇಳಿತದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ನೀವು ಪಂಚಾಂಗ ನೋಡುವ ಹಾಗೆ ದಿನಾ ಅದನ್ನು ನೋಡಿ.

ಅಡ್ಡ ಬರುವ ಅರ್ಧ ನಿಮ್ಮ ಕೈಯಲ್ಲಿದೆ. ನಾವು ಬೆಂಡು ಮುಳುಗಿದ ಕೂಡಲೇ ಕೋಲು ಎತ್ತಿ ಜಗ್ಗುತ್ತೇವೆ, ಆಮೇಲೆ ಬಿಗಿಯಾಗಿ ಹಿಡಿದು ದಡಕ್ಕೆ ಎಳೆಯುತ್ತೇವೆ. ಚಿನೂಕ್ ಅನ್ನುವ ದೊಡ್ಡ ಜಾತಿಯ ಸಾಲ್ಮನ್ ಜೊತೆ ಹೀಗೆ ಮಾಡಿದರೆ ದಾರ ಉಳಿಯುವುದಿಲ್ಲ.

ನನ್ನ ಮೊದಲ ಚಿನೂಕ್ ಕಥೆ ಕೇಳಿ. ಯಾರ್ಡಿನ ಹಿರಿಯ ಮೆಕ್ಯಾನಿಕ್ ಒಬ್ಬರು ಅವರ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದರು. ಅಲ್ಲಿಯವರು ಬಳಸುವ ರಾಡ್ ಹತ್ತಡಿಗೂ ಉದ್ದ. ರೀಲ್ ಹಳೆ ಕಾಲದ ಗಾಲಿಯ ಥರ, ಒಂದು ಸುತ್ತು ತಿರುಗಿಸಿದರೆ ದಾರವೂ ಒಂದೇ ಸುತ್ತು. ಮೀನು ದಾರ ಎಳೆದರೆ ಹಿಡಿಕೆಯೂ ಹಿಂದಕ್ಕೆ ಗರಗರ ತಿರುಗುತ್ತದೆ. ಮೀನು ಕಚ್ಚಿತು. ರಾಡಿನ ತುದಿ ನೀರಿಗೆ ತಾಗುವಷ್ಟು ಬಾಗಿತು. ‘ಕೈ ಬಿಡು, ಕೈ ಬಿಡು’ ಅಂತ ಅವರು ಕೂಗಿದರು. ನಾನು ಮುನಿರಾಬಾದಿನ ಶೂರ, ಹಿಡಿಕೆ ಬಿಡಲಿಲ್ಲ. ಅದು ಕೈಯಿಂದ ಕಿತ್ತುಕೊಂಡು ತಿರುಗಿ ಬೆರಳ ಗೆಣ್ಣಿಗೆ ಟಕಟಕ ಅಂತ ನಾಲ್ಕೈದು ಏಟು ಕೊಟ್ಟಿತು. ನೋವಿಗೆ ಅಂಗೈಯನ್ನು ಪೂರ್ತಿ ರೀಲಿನ ಮೇಲೆ ಒತ್ತಿದೆ. ದಾರ ಫಟ್ ಅಂತು. ಮೀನು ಹೋಯಿತು, ಉಂಗುರದ ಬೆರಳಿನ ಉಗುರು ಒಂದು ತಿಂಗಳು ಕಪ್ಪಗಿತ್ತು. ಈ ರೀಲಿಗೆ ಅಲ್ಲಿ ಇಟ್ಟಿರುವ ಅಡ್ಡಹೆಸರೇ ‘ನಕಲ್ ಬಸ್ಟರ್’, ಅಂದರೆ ಗೆಣ್ಣು ಮುರುಕ!

ಸರಿಯಾದ ರೀತಿ ಹೀಗೆ. ಮೀನು ಓಡುವಾಗ ಓಡಲು ಬಿಡಿ. ರಾಡ್ ಎತ್ತಿ ಹಿಡಿದು, ರೀಲಿನ ಅಂಚಿಗೆ ಅಂಗೈಯನ್ನು ಹಗುರಾಗಿ ತಾಗಿಸಿ, ಸೈಕಲ್ಲಿಗೆ ಬ್ರೇಕ್ ಒತ್ತಿದ ಹಾಗೆ ನಿಧಾನವಾಗಿ ತಡೆಯಿರಿ. ನಿಂತ ಕೂಡಲೇ ಸುತ್ತಿಕೊಳ್ಳಿ. ಅದು ದೋಣಿ ಕಡೆ ತಿರುಗಿ ಬಂದರೆ ಹುಚ್ಚು ಹಿಡಿದವರ ಹಾಗೆ ಸುತ್ತಿ, ಏಕೆಂದರೆ ಅಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಕೊಕ್ಕೆಯನ್ನೇ ಹಾಕಬೇಕು ಅಂತ ಕಾನೂನಿದೆ. ನಮ್ಮ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇರುತ್ತದಲ್ಲ, ಅದು ಅಲ್ಲಿಲ್ಲ. ದಾರ ಒಂದು ಕ್ಷಣ ಸಡಿಲವಾದರೂ ಕೊಕ್ಕೆ ಜಾರುತ್ತದೆ.

ಇದನ್ನು ಗಂಗಾವತಿಯಲ್ಲೇ ಅಭ್ಯಾಸ ಮಾಡಬಹುದು, ನಗಬೇಡಿ. ಓಣಿಯ ಹುಡುಗನೊಬ್ಬನ ಸೈಕಲ್ ಕ್ಯಾರಿಯರಿಗೆ ದಾರದ ತುದಿ ಕಟ್ಟಿ. ನಿಮ್ಮ ರೀಲಿನ ಬ್ರೇಕ್ ಪೂರ್ತಿ ಸಡಿಲ ಮಾಡಿ. ಶಾಲೆಯ ಮೈದಾನದಲ್ಲಿ ಅವನು ಮನಸ್ಸಿಗೆ ಬಂದಂತೆ ತುಳಿಯಲಿ, ಒಮ್ಮೆ ಜೋರಾಗಿ, ಒಮ್ಮೆ ನಿಂತು, ಒಮ್ಮೆ ನಿಮ್ಮ ಕಡೆಗೇ ತಿರುಗಿ. ದಾರ ತುಂಡಾಗಬಾರದು, ನೆಲಕ್ಕೂ ಬೀಳಬಾರದು. ಒಂದು ವಾರ ಮಾಡಿದರೆ ಕೈ ಪಳಗುತ್ತದೆ.

ಮೀನು ದೋಣಿ ಪಕ್ಕ ಬಂದ ಮೇಲೂ ಕೆಲಸ ಮುಗಿದಿರುವುದಿಲ್ಲ. ದೋಣಿ ಕಂಡ ಕೂಡಲೇ ಅದು ಇನ್ನೊಮ್ಮೆ ಓಡುತ್ತದೆ. ಬಲೆ ಹಿಡಿದವರು ಮೀನಿನ ಬಾಲದ ಹಿಂದೆ ಬಲೆ ಬೀಸಬಾರದು. ಬಲೆಯನ್ನು ನೀರಿನಲ್ಲಿ ಇಟ್ಟುಕೊಂಡು ಕಾಯಬೇಕು, ರಾಡ್ ಹಿಡಿದವರು ಮೀನಿನ ತಲೆಯನ್ನು ಬಲೆಯೊಳಗೆ ತರಬೇಕು. ಅಪ್ಪ ಮಗ ಜಗಳ ಆಡುವುದು ಸಾಮಾನ್ಯವಾಗಿ ಇಲ್ಲೇ.

ಅಲ್ಲಿ ಐದು ಜಾತಿ ಸಾಲ್ಮನ್ ಇವೆ. ಚಿನೂಕ್ ಎಲ್ಲಕ್ಕಿಂತ ದೊಡ್ಡದು. 30 ಪೌಂಡ್, ಅಂದರೆ ಹದಿಮೂರೂವರೆ ಕಿಲೋ ದಾಟಿದ ಚಿನೂಕ್‌ಗೆ ‘ಟೈಯಿ’ ಅಂತ ಗೌರವದ ಹೆಸರು. ರಾಡಿನಲ್ಲಿ ಹಿಡಿದ ದಾಖಲೆ ಮೀನು 1985ರಲ್ಲಿ ಅಲಾಸ್ಕಾದ ಕೀನೈ ನದಿಯಲ್ಲಿ ಸಿಕ್ಕಿದ್ದು, 97 ಪೌಂಡಿಗೂ ಜಾಸ್ತಿ, ಹತ್ತಿರ ಹತ್ತಿರ 44 ಕಿಲೋ. ಒಂದು ಜೋಳದ ಚೀಲ ಎಳೆದ ಹಾಗೆ. ಕೋಹೋ ಸಣ್ಣದು, ಆದರೆ ನೀರಿನಿಂದ ಹಾರಿ ಕುಣಿಯುತ್ತದೆ. ನನಗೆ ಕೋಹೋನೇ ಇಷ್ಟ. ಸಾಕ್‌ಐ ಕೆಂಪು ಮಾಂಸದ್ದು, ತಿನ್ನಲು ಬಲು ರುಚಿ. ಪಿಂಕ್, ವ್ಯಾಂಕೂವರ್ ಪಕ್ಕ ಸಮುದ್ರ ಸೇರುವ ಫ್ರೇಸರ್ ನದಿಗೆ ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ, ಅಂದರೆ 2025, 2027 ಹೀಗೆ. ಅದರ ಆಯಸ್ಸೇ ಎರಡು ವರ್ಷ. ಕೊನೆಯದು ಚಮ್. ಹೊಳೆಗೆ ತಡವಾಗಿ, ಚಳಿ ಶುರುವಾಗುವಾಗ ಬರುತ್ತದೆ.

ಹಿಡಿಯುವ ವಿಧಾನ ಹೆಚ್ಚಾಗಿ ಟ್ರೋಲಿಂಗ್. ದೋಣಿ ತಾಸಿಗೆ ಎರಡು ಮೂರು ಮೈಲಿ ವೇಗದಲ್ಲಿ ನಡೆಯುತ್ತಿರುತ್ತದೆ, ಅಂದರೆ ನೀವು ಊಟ ಆದ ಮೇಲೆ ಅಡ್ಡಾಡುವ ವೇಗ. ದೋಣಿ ಅಂಚಿಗೆ ಡೌನ್‌ರಿಗರ್ ಅನ್ನುವ ರಾಟೆ ಇರುತ್ತದೆ. ಅದರ ತಂತಿಗೆ ಐದಾರು ಕಿಲೋ ತೂಕದ ಗುಂಡು. ನಿಮ್ಮ ದಾರವನ್ನು ಒಂದು ಕ್ಲಿಪ್ಪಿನಿಂದ ಆ ತಂತಿಗೆ ಸಿಕ್ಕಿಸಿ ಬೇಕಾದ ಆಳಕ್ಕೆ ಇಳಿಸುತ್ತಾರೆ. ಮೀನು ಕಚ್ಚಿ ಎಳೆದರೆ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ, ಬಾಗಿದ್ದ ರಾಡ್ ಚಟ್ ಅಂತ ನೆಟ್ಟಗಾಗುತ್ತದೆ. ನಮಗೆ ಬೆಂಡು ಮುಳುಗುವುದು ಗುರುತು, ಅಲ್ಲಿ ರಾಡ್ ಎದ್ದು ನಿಲ್ಲುವುದು ಗುರುತು. ಆಗ ಮೊದಲು ಸಡಿಲ ದಾರ ಸುತ್ತಿಕೊಳ್ಳಬೇಕು, ಆಮೇಲೆ ಉಳಿದದ್ದು.

ಕೊಕ್ಕೆಗೆ ಸ್ವಲ್ಪ ಮುಂದೆ ಮೊಳದಷ್ಟಿಲ್ಲದ ಒಂದು ಹೊಳೆಯುವ ಪಟ್ಟಿ ಕಟ್ಟುತ್ತಾರೆ, ಫ್ಲ್ಯಾಷರ್ ಅಂತ. ಅದು ತಿರುಗಿ ತಿರುಗಿ ಮಿಂಚಿದರೆ ಇನ್ನೊಂದು ಸಾಲ್ಮನ್ ಬೇಟೆಯಾಡುತ್ತಿದೆ ಅಂತ ಮೀನಿಗೆ ಭ್ರಮೆ. ಅದರ ಹಿಂದೆ ಹೂಚಿ ಅನ್ನುವ ರಬ್ಬರ್ ಕುಚ್ಚು ಕಟ್ಟಿದರೆ ದಾರ ಎರಡು ಮೊಳದಷ್ಟು ಸಾಕು. ನಿಜವಾದ ಆಂಚೋವಿ ಕಟ್ಟಿದರೆ ಆರಡಿ ಬೇಕು. ಇದನ್ನು ಅಳೆದೇ ಕಟ್ಟಿ. ಹೂಚಿಗೆ ಸ್ವಂತ ನಡೆ ಇಲ್ಲ, ಫ್ಲ್ಯಾಷರ್ ಜಗ್ಗಿದಾಗಲೇ ಕುಣಿಯಬೇಕು. ದಾರ ಉದ್ದವಾದರೆ ಸತ್ತ ಬಟ್ಟೆ ತುಂಡಿನ ಹಾಗೆ ಬರುತ್ತದೆ. ಆಂಚೋವಿ ತಾನೇ ಸುತ್ತುತ್ತದೆ, ಅದಕ್ಕೆ ಜಾಗ ಬೇಕು. ಇನ್ನು ಆಳ. ಚಿನೂಕ್ ಕೆಳಗೆ, ನಿಧಾನಕ್ಕೆ. ಕೋಹೋ ಮೇಲೆ, ಸ್ವಲ್ಪ ಬಿರುಸಿಗೆ. ಬಿಸಿಲೇರಿದ ಹಾಗೆ ಎರಡೂ ಕೆಳಗಿಳಿಯುತ್ತವೆ.

ಕಾನೂನಿನ ಮಾತು ಚಿಕ್ಕದಾಗಿ. ಸಮುದ್ರದಲ್ಲಿ ಹಿಡಿಯಲು ಕೆನಡಾದ ಕೇಂದ್ರ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಸಾಲ್ಮನ್ ಮನೆಗೆ ತರಬೇಕಾದರೆ ಅದರ ಜೊತೆ ಸಾಲ್ಮನ್ ಸ್ಟಾಂಪ್ ಅಂತ ಬೇರೆ ತಗೊಳ್ಳಬೇಕು. ಹೊಳೆಗೆ ಲೈಸೆನ್ಸೇ ಬೇರೆ, ಅದು ರಾಜ್ಯ ಸರ್ಕಾರದ್ದು. 2019ರಿಂದ ಫ್ರೇಸರ್ ನದಿಯ ಚಿನೂಕ್ ಉಳಿಸಲು ನಿಯಮ ಬಹಳ ಬಿಗಿ ಮಾಡಿದ್ದಾರೆ. ಈ ಕೊಲ್ಲಿಯಲ್ಲಿ ಇಟ್ಟುಕೊಳ್ಳಬಹುದಾದ ಮೀನನ್ನು ಪಕ್ಕದ ಕೊಲ್ಲಿಯಲ್ಲಿ ಬಿಡಬೇಕಾಗಬಹುದು. ಹೊರಡುವ ದಿನ ಬೆಳಿಗ್ಗೆ ಇಲಾಖೆಯ ಪುಟ ನೋಡಿಯೇ ಹೊರಡಿ. ‘ನನಗೆ ಗೊತ್ತಿರಲಿಲ್ಲ’ ಅಂದರೆ ಅಲ್ಲಿ ನಡೆಯುವುದಿಲ್ಲ, ದಂಡ ಬೀಳುತ್ತದೆ. ಎಂಜಿನ್ ದೋಣಿ ನಡೆಸಲು ನಿಮ್ಮ ಮಗ ಒಂದು ಪರೀಕ್ಷೆ ಬರೆದು ಕಾರ್ಡ್ ತಗೊಳ್ಳಬೇಕು. ತಗೊಂಡಿದ್ದಾನಾ ಕೇಳಿ.

ಈಗ ದೋಣಿ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಅದು ನನ್ನ ಹೊಟ್ಟೆಪಾಡಿನ ವಿದ್ಯೆ.

ನಮ್ಮ ಹರಿಗೋಲಿನಂಥ ದೋಣಿ ಇನ್ನೊಂದಿಲ್ಲ, ಒಪ್ಪುತ್ತೇನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಬುಟ್ಟಿಯ ಹಾಗೆ ಗುಂಡಗಿರುವ ದೋಣಿಯಲ್ಲಿ ಜನ ಆನೆಗುಂದಿಗೆ ದಾಟುವುದನ್ನು ನೋಡಿ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಕಲ್ಲಿನ ಮೇಲೆ ತೆಳ್ಳಗೆ ನೀರಿದ್ದರೂ ಜಾರಿಕೊಂಡು ಹೋಗುತ್ತದೆ. ಆದರೆ ಆಷಾಢದ ಗಾಳಿಗೆ ಹಿನ್ನೀರು ಎದ್ದಾಗ ಅದೇ ಹರಿಗೋಲು ಹೇಗೆ ಸುತ್ತುತ್ತದೆ, ಅಲೆ ತಳಕ್ಕೆ ಹೇಗೆ ಬಡಿಯುತ್ತದೆ, ನಿಮಗೆ ಗೊತ್ತು. ಚಪ್ಪಟೆ ತಳದ ದೋಣಿಗೆ ಸಮುದ್ರದಲ್ಲಿ ದಿನಾ ಆಷಾಢ. ಅದಕ್ಕೇ ಅಲ್ಲಿ ತಳ ನೇಗಿಲಿನ ಹಾಗೆ ಚೂಪಾಗಿ, ‘ವಿ’ ಆಕಾರದಲ್ಲಿ ಇರಬೇಕು. ಅದು ಅಲೆಯನ್ನು ಸೀಳುತ್ತದೆ.

ದೋಣಿ ನೋಡುವಾಗ ಎಲ್ಲರೂ ಕೇಳುವುದು ‘ಎಷ್ಟು ಮೀನು ಹಿಡಿಯಬಹುದು’ ಅಂತ. ನಾನು ಕೇಳುವುದು, ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಎರಡಕ್ಕೆ ಎದ್ದು ನಿಂತರೆ ಇದು ವಾಪಸ್ ತರುತ್ತದಾ ಅಂತ. ಫ್ರೇಸರ್ ನದಿಯ ಬಾಯಲ್ಲಿ ಇಳಿತದ ನೀರು ಹೊರಗೆ ನುಗ್ಗುತ್ತಿರುತ್ತದೆ, ಪಶ್ಚಿಮದ ಗಾಳಿ ಎದುರಿಗೆ ಬೀಸುತ್ತದೆ. ಎರಡೂ ಡಿಕ್ಕಿ ಹೊಡೆದಾಗ ಏಳುವ ಅಲೆ ಗೋಡೆಯ ಹಾಗೆ ಕಡಿದಾಗಿರುತ್ತದೆ. ನೀವು ತುಂಗಭದ್ರೆ ಈಜಿ ದಾಟಿದವರಿರಬಹುದು. ಆದರೆ ಅಲ್ಲಿ ಬೇಸಿಗೆಯಲ್ಲೂ ನೀರು ನಮ್ಮ ಹೊಳೆಗಿಂತ ಬಹಳ ತಣ್ಣಗೆ. ಬಿದ್ದ ಮೊದಲ ನಿಮಿಷ ಉಸಿರು ಸಿಕ್ಕುವುದಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಬೆರಳು ಮಾತು ಕೇಳುವುದಿಲ್ಲ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ಅತ್ತಿಗೆಯವರಿಗೂ ಇದನ್ನು ಹೇಳಿಡಿ, ಅವರು ಹೇಳಿದರೆ ಮಗ ಕೇಳುತ್ತಾನೆ.

ಈ ಲೆಕ್ಕದಲ್ಲಿ 16 ಅಡಿಯದು ಬೆಟ್ಟಗಳ ನಡುವಿನ ಕೊಲ್ಲಿಗೆ, ಶಾಂತ ದಿನಕ್ಕೆ ಸರಿ. ಹಗುರ, ಸಣ್ಣ ಕಾರೂ ಎಳೆಯುತ್ತದೆ, ಕಲ್ಲಿಗೆ ತಾಗಿದರೆ ತಗ್ಗು ಬೀಳುತ್ತದೆ ಅಷ್ಟೇ. ಆದರೆ ಹಗುರ ಇರುವುದರಿಂದ ಗಾಳಿಗೆ ಎಲೆಯ ಹಾಗೆ ತೇಲಿ ಹೋಗುತ್ತದೆ. ಮೂರು ಜನ ದೊಡ್ಡವರು, ರಾಡು, ಐಸ್ ಪೆಟ್ಟಿಗೆ ಅಂದರೆ ಇಕ್ಕಟ್ಟು. ವ್ಯಾಂಕೂವರ್ ಎದುರಿನ ತೆರೆದ ಸಮುದ್ರಕ್ಕೆ, ಅಂದರೆ ಜಾರ್ಜಿಯಾ ಜಲಸಂಧಿಗೆ, ನಾನಾದರೆ 20 ಅಡಿಯದನ್ನೇ ತಗೊಳ್ಳುತ್ತೇನೆ. ಆದರೆ ‘ಹೊಸ ಪೇಂಟ್’ ಅಂದಿರಲ್ಲ, ಅಲ್ಲಿ ನನ್ನ ಕಿವಿ ನೆಟ್ಟಗಾಯಿತು.

ನಾನೂ ಹೊಸ ಪೇಂಟಿನ ಫೈಬರ್ ದೋಣಿ ತಗೊಂಡಿದ್ದೆ, 17 ಅಡಿಯದು. ಮೆಕ್ಯಾನಿಕ್ ಅನ್ನುವ ಸೊಕ್ಕು. ಎರಡು ತಾಸು ಎಂಜಿನ್ ಮಾತ್ರ ನೋಡಿದೆ, ಅದು ಗಡಿಯಾರದಂತೆ ಓಡುತ್ತಿತ್ತು. ಎರಡನೇ ತಿಂಗಳು ಎಂಜಿನ್ ಬೋಲ್ಟ್ ಬಿಗಿ ಮಾಡಲು ಹೋದರೆ ಸ್ಪ್ಯಾನರ್ ತಿರುಗುತ್ತಲೇ ಇತ್ತು, ಬಿಗಿಯಾಗಲೇ ಇಲ್ಲ. ತೂತಿನಿಂದ ಚಹಾ ಬಣ್ಣದ ನೀರು ಸೋರಿತು. ಎಂಜಿನ್ ನೇತು ಹಾಕುವ ಹಿಂಬದಿಯ ಹಲಗೆ ಇರುತ್ತದಲ್ಲ, ಟ್ರಾನ್ಸಮ್, ಹಳೆ ಫೈಬರ್ ದೋಣಿಗಳಲ್ಲಿ ಅದರ ಒಳಗೆ ಪ್ಲೈವುಡ್ ಇರುತ್ತದೆ. ಅದು ನೆನೆದು ಗೊಬ್ಬರವಾಗಿತ್ತು. ಮಾರಿದವನಿಗೆ ಗೊತ್ತಿತ್ತು, ಅದಕ್ಕೇ ಬಣ್ಣ. ಫೋನ್ ಮಾಡಿದರೆ ‘ನೀವು ನೋಡಿಯೇ ತಗೊಂಡಿರಲ್ಲ’ ಅಂದ. ನಿಜವೇ.

ಹಾಗಾಗಿ ಮಗನಿಗೆ ಹೇಳಿ. ಸ್ಕ್ರೂಡ್ರೈವರಿನ ಹಿಡಿಯಿಂದ ಆ ಹಲಗೆಯನ್ನು ಬಡಿಯುತ್ತಾ ಹೋಗಲಿ, ಸಂತೆಯಲ್ಲಿ ನಾವು ಗಡಿಗೆ ಬಡಿದು ನೋಡುವ ಹಾಗೆ. ಟಣಟಣ ಅಂದರೆ ಗಟ್ಟಿ. ಎಲ್ಲಾದರೂ ದಬದಬ ಅಂದರೆ ಒಳಗೆ ಕೊಳೆತಿದೆ. ಆಮೇಲೆ ಎಂಜಿನ್ ಅರ್ಧ ಮೇಲೆತ್ತಿ, ನೀರಿಗಿಳಿಯುವ ಅದರ ಕೆಳಭಾಗವನ್ನು, ಅಂದರೆ ಕಾಲನ್ನು ಹಿಡಿದು ಕೆಳಗೆ ಒತ್ತಲಿ. ಗೆಳೆಯ ಹಲಗೆಯನ್ನೇ ನೋಡುತ್ತಿರಲಿ. ಹಲಗೆ ಉಸಿರಾಡಿದ ಹಾಗೆ ಹಿಂದೆ ಮುಂದೆ ಆದರೆ ನಮಸ್ಕಾರ ಹೇಳಿ ಬಂದುಬಿಡಲಿ. ನೆಲದ ಮೇಲೆ ಗಟ್ಟಿಯಾಗಿ ಹೆಜ್ಜೆ ಇಟ್ಟು ನಡೆಯಲಿ. ಎಲ್ಲಿ ಮೆತ್ತಗಿದೆಯೋ ಅಲ್ಲಿ ಖರ್ಚು ಕಾದಿದೆ.

ಎಂಜಿನ್ ವಿಷಯಕ್ಕೆ, ತಾವು ಹೋಗುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿ ಇಡಬೇಡಿ ಅಂತ ಮಾರುವವರಿಗೆ ಹೇಳಲಿ. ಎಂಜಿನ್ನಿನ ನಿಜವಾದ ಗುಣ ತಣ್ಣಗಿದ್ದಾಗಲೇ ಗೊತ್ತಾಗುವುದು. ಚಾಲೂ ಆದ ಮೇಲೆ ಹಿಂದಿನ ಸಣ್ಣ ತೂತಿನಿಂದ ನೀರು ಧಾರೆಯಾಗಿ ಬೀಳಬೇಕು, ಇಲ್ಲದಿದ್ದರೆ ತಂಪು ಮಾಡುವ ಪಂಪ್ ಕೆಟ್ಟಿದೆ. ಎಲ್ಲಾ ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ ಅಳೆಸಲಿ, ಒಂದಕ್ಕೊಂದು ಶೇಕಡಾ 10ರೊಳಗೆ ಇರಬೇಕು. ವೈರುಗಳಿಗೆ ಹಸಿರು ಕಿಲುಬು ಕಟ್ಟಿದ್ದರೆ ಅದು ಉಪ್ಪುನೀರಿನ ಗುರುತು. ಎಳೆದು ತರುವ ಟ್ರೇಲರಿನ ಗಾಲಿ ಬೇರಿಂಗ್ ಕೂಡ ನೋಡಲಿ, ಎಷ್ಟೋ ದೋಣಿ ನೀರು ಮುಟ್ಟುವ ಮೊದಲೇ ಹೈವೇ ಮೇಲೆ ಕೆಟ್ಟು ನಿಲ್ಲುತ್ತವೆ.

ದೊಡ್ಡ ಎಂಜಿನ್ ಜೊತೆಗೆ 9.9 ಹಾರ್ಸ್‌ಪವರಿನ ಒಂದು ಸಣ್ಣ ಎಂಜಿನ್ ಇರಲೇಬೇಕು. ‘ಕಿಕರ್’ ಅಂತಾರೆ. ಟ್ರೋಲಿಂಗಿಗೆ ಬೇಕಾದ ಆಮೆ ವೇಗ ದೊಡ್ಡದಕ್ಕೆ ಒಗ್ಗುವುದಿಲ್ಲ. ದೊಡ್ಡದು ಕೈಕೊಟ್ಟರೆ ಇದೇ ಮನೆಗೆ ತರುವುದು. ಪೆಟ್ರೋಲಿನಲ್ಲಿ ಮೂರು ಪಾಲು ಮಾಡಿ, ಹೋಗಲು ಒಂದು, ಬರಲು ಒಂದು, ಇನ್ನೊಂದು ಮುಟ್ಟದೇ ಇಡಿ. ಮೊಬೈಲ್ ನಂಬಬೇಡಿ, ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್ಎಫ್ ರೇಡಿಯೋ ಇರಲಿ. ಅಪಾಯಕ್ಕೆ 16ನೇ ಚಾನೆಲ್.

ನನ್ನನ್ನು ಕೇಳಿದರೆ, ಈ ಸಲ ದೋಣಿ ತಗೊಳ್ಳುವ ಅವಸರವೇ ಬೇಡ. ಗೈಡ್ ಸಮೇತ ಬಾಡಿಗೆ ದೋಣಿ ಸಿಗುತ್ತದೆ, ಎರಡು ದಿನ ಹೋಗಿ. ದುಬಾರಿ ಅನಿಸುತ್ತದೆ. ಆದರೆ ಯಾವ ಆಳ, ಯಾವ ಹೊತ್ತು, ಬಲೆ ಹೇಗೆ ಹಿಡಿಯುವುದು ಅಂತ ಎರಡು ವರ್ಷದ ಪಾಠ ಎರಡೇ ದಿನಕ್ಕೆ ಸಿಗುತ್ತದೆ. ಮಗನಿಗೆ ಸಮುದ್ರ ಮೈಗೆ ಒಗ್ಗುತ್ತದಾ ಅನ್ನುವುದೂ ತಿಳಿಯುತ್ತದೆ. ವಾಂತಿ ಮಾಡಿಕೊಳ್ಳುವವರು ದೋಣಿ ಕೊಂಡು ಅಂಗಳದಲ್ಲಿ ಟಾರ್ಪಾಲ್ ಹೊದಿಸಿ ಇಟ್ಟಿದ್ದನ್ನು ನಾನು ಬಹಳ ನೋಡಿದ್ದೇನೆ. ಅಂದಹಾಗೆ ಕ್ಯಾಂಪ್‌ಬೆಲ್ ರಿವರ್ ಅನ್ನುವ ಊರಿನಲ್ಲಿ 1924ರಿಂದ ಟೈಯಿ ಕ್ಲಬ್ ಇದೆ. ಅದರ ಸದಸ್ಯರಾಗಬೇಕಾದರೆ ಆ ಹದಿಮೂರೂವರೆ ಕಿಲೋದ ಮೀನನ್ನು ಹುಟ್ಟು ಹಾಕುವ ದೋಣಿಯಲ್ಲೇ ಹಿಡಿಯಬೇಕು, ಎಂಜಿನ್ ಹಾಕುವ ಹಾಗಿಲ್ಲ. ಹರಿಗೋಲಿನವರಿಗೆ ಹೇಳಿ ಮಾಡಿಸಿದ ಆಟ. ಮಗನಿಗೆ ರಜೆ ಸಿಕ್ಕರೆ ಒಮ್ಮೆ ಹೋಗಿ ನೋಡಿ ಬನ್ನಿ.

ಮೀನು ಸಿಕ್ಕಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಐಸಿನಲ್ಲಿ ಇಡಿ, ಇಲ್ಲದಿದ್ದರೆ ರುಚಿ ಹಾಳು. ಅಡುಗೆಗೆ ನಮ್ಮ ಹುಳಿ ಖಾರದ ಸಾರು ಅದಕ್ಕೆ ಅಷ್ಟು ಹೊಂದುವುದಿಲ್ಲ, ಅದರಲ್ಲೇ ಎಣ್ಣೆ ಅಂಶ ಜಾಸ್ತಿ. ಉಪ್ಪು, ಖಾರದಪುಡಿ, ನಿಂಬೆಹಣ್ಣು ಹಚ್ಚಿ ಹಂಚಿನ ಮೇಲೆ ಹುರಿದು ರೊಟ್ಟಿ ಜೊತೆ ತಿನ್ನಿ. ಜೋಳದ ಹಿಟ್ಟು ಇಲ್ಲಿಂದಲೇ ಒಯ್ಯಿರಿ.

ಇಷ್ಟೆಲ್ಲಾ ಹೇಳಿದ ಮೇಲೂ ಅವರು ಆ 20 ಅಡಿಯ ದೋಣಿ ನೋಡಲು ಹೋಗಿಯೇ ಹೋಗುತ್ತಾರೆ, ವಯಸ್ಸು ಅಂಥದ್ದು. ಹೋದರೆ ಒಂದು ಕೆಲಸ ಮಾಡಲಿ. ಎಂಜಿನ್ನಿನ ಕಾಲಿನ ಕೆಳಗೆ ಗೇರ್ ಆಯಿಲ್ ಸ್ಕ್ರೂ ಇರುತ್ತದೆ. ಮಾರುವವರನ್ನು ಕೇಳಿ ಅದನ್ನು ಸ್ವಲ್ಪ ಸಡಿಲಿಸಿ, ನಾಲ್ಕು ಹನಿ ಬಿಳಿ ಕಾಗದದ ಮೇಲೆ ಬೀಳಿಸಲಿ. ಎಣ್ಣೆ ಎಣ್ಣೆಯ ಹಾಗೇ ಇದ್ದರೆ ಮುಂದಿನ ಮಾತು. ಹಾಲು ಬೆರೆಸಿದ ಚಹಾದ ಹಾಗಿದ್ದರೆ ಒಳಗೆ ನೀರು ಹೊಕ್ಕಿದೆ. ಆ ಕಾಗದದ ಫೋಟೋ ಹೊಡೆದು ನಿಮಗೆ ಕಳಿಸಲಿ, ನೀವು ನನಗೆ ತೋರಿಸಿ. ದುಡ್ಡು ಕೊಡುವುದು ಆಮೇಲೆ.